ಬಯೋಫಿಲ್ಮ್ ಎದುರು ಜಿಂಕ್ ಆಕ್ಸೈಡ್

ಕುಲುಮೆಯಿಂದ ಈಗಷ್ಟೇ ತೆಗೆದ ಜಿಂಕ್ ಆಕ್ಸೈಡ್ ನೋಡೋಕೆ ಚೆಂದ. ಬಿಸಿ ಇರುವಾಗ ತಿಳಿ ಹಳದಿ, ಆರುತ್ತಾ ಬಂದಂತೆ ಅಚ್ಚ ಬಿಳಿ. ಜಿಂಕ್ ನೈಟ್ರೇಟ್ ಮತ್ತು ಯೂರಿಯಾವನ್ನು ನೀರಲ್ಲಿ ಕರಗಿಸಿ ಸುಮಾರು 500 ಡಿಗ್ರಿಯ ಕುಲುಮೆಯಲ್ಲಿ ಇಡುತ್ತೇವೆ. ಅದು ಕುದಿದು, ನೊರೆಯೆದ್ದು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಉಳಿಯುವುದು ಹಗುರವಾದ ನುಣ್ಣನೆ ಪುಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಕೆ.ಸಿ. ಪಾಟೀಲ್ ಮತ್ತು ಜೆ.ಜೆ. ಕಿಂಗ್ಸ್ಲೆ 1988ರಲ್ಲಿ ಇದೇ ದಾರಿಯಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತಯಾರಿಸಿ ತೋರಿಸಿದ್ದರು. ಆ ಕೆಲಸದ ಬಗ್ಗೆ ನನಗೆ ತುಂಬಾ ಅಭಿಮಾನ.

ಪುಡಿ ಮಾಡೋದು ಸಲೀಸು. ಕಷ್ಟ ಇರೋದು ಅದರಿಂದ ಬಯೋಫಿಲ್ಮ್ ತಡೆಯೋದರಲ್ಲಿ. ಮೂತ್ರದ ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯಲು ಹಾಕುವ ಕೊಳವೆ, ಅದರ ಒಳಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡು ತಮ್ಮ ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಈ ಲೋಳೆಯ ಪದರವೇ ಬಯೋಫಿಲ್ಮ್. ಅದರಲ್ಲಿ ಸಕ್ಕರೆಯ ಸರಪಳಿಗಳು, ಪ್ರೋಟೀನು, ಹೊರಬಿದ್ದ ಡಿಎನ್‌ಎ ಎಲ್ಲ ಇರುತ್ತವೆ. ಒಮ್ಮೆ ಹೀಗೆ ನೆಲೆಯೂರಿದರೆ, ಬಿಡಿಬಿಡಿಯಾಗಿ ಈಜುವ ಬ್ಯಾಕ್ಟೀರಿಯಾಗಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಜಾಸ್ತಿ ಆ್ಯಂಟಿಬಯಾಟಿಕ್ ತಡೆದುಕೊಳ್ಳುತ್ತವೆ.

ಜಿಂಕ್ ಆಕ್ಸೈಡ್ ಹಲವು ಕಡೆಯಿಂದ ಹೊಡೆಯುತ್ತದೆ. ಕರಗಿ ಜಿಂಕ್ ಅಯಾನು (ವಿದ್ಯುದಾವೇಶವಿರುವ ಜಿಂಕ್ ಕಣ) ಬಿಡುತ್ತದೆ, ಜೀವಕೋಶವನ್ನು ಸುಡುವಂಥ ಆಕ್ಸಿಜನ್ ರೂಪಗಳನ್ನು ಹುಟ್ಟಿಸುತ್ತದೆ, ತಾಗಿದ ಕಡೆ ಪೊರೆಗೆ ಪೆಟ್ಟು ಕೊಡುತ್ತದೆ. ಇದನ್ನೇ ನಂಬಿ ಎಷ್ಟೋ ಪ್ರಬಂಧಗಳು ಬರುತ್ತಿವೆ. ಬೇವಿನ ಸೊಪ್ಪಿನ ರಸದಲ್ಲೋ ತುಳಸಿ ರಸದಲ್ಲೋ ಜಿಂಕ್ ಆಕ್ಸೈಡ್ ಕಣ ಮಾಡ್ತಾರೆ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯಲ್ಲಿ ಇಡ್ತಾರೆ, ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಬರೀ ಜಾಗವನ್ನು ಅಳೀತಾರೆ, ಬಯೋಫಿಲ್ಮಿಗೂ ಮದ್ದು ಸಿಕ್ಕಿತು ಅಂತ ಮುಗಿಸ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ತಟ್ಟೆಯಲ್ಲಿ ಬಲಿತ ಬಯೋಫಿಲ್ಮೇ ಇರೋದಿಲ್ಲ ಅಲ್ವಾ?

ಬಲಿತದ್ದರ ಮೇಲೆ ಸುರಿದು ನೋಡಿದರೆ ಚಿತ್ರವೇ ಬೇರೆ. ಕಣಗಳು ದ್ರವದಲ್ಲೇ ಗುಂಪುಗಟ್ಟಿ ಲೋಳೆಯ ಮೇಲ್ಪದರದಲ್ಲಿ ನಿಂತುಬಿಡುತ್ತವೆ. ಅಳತೆಯಲ್ಲೂ ಮೋಸ ಹೋಗಬಹುದು. ಬಯೋಫಿಲ್ಮ್ ಬೆಳೆಸಿದ 96 ಗುಳಿಯ ತಟ್ಟೆಗೆ ಕ್ರಿಸ್ಟಲ್ ವಯೊಲೆಟ್ ಬಣ್ಣ ಹಾಕಿ ತೊಳೆದರೆ ಬಯೋಫಿಲ್ಮ್ ಇದ್ದಲ್ಲೆಲ್ಲ ನೇರಳೆ ಉಳಿಯುತ್ತದೆ. ಆದರೆ ಆ ಬಣ್ಣ ಬದುಕಿದ್ದಕ್ಕೂ ಹತ್ತುತ್ತದೆ, ಸತ್ತದ್ದಕ್ಕೂ ಹತ್ತುತ್ತದೆ, ಲೋಳೆಗೂ ಹತ್ತುತ್ತದೆ. ಹಾಗಾಗಿ ಗುಳಿಯನ್ನು ಕೆರೆದು, ಅಗರ್ ತಟ್ಟೆಗೆ ಹಚ್ಚಿ, ಮಾರನೇ ದಿನ ಕಾಲೊನಿ (ಬದುಕುಳಿದ ಬ್ಯಾಕ್ಟೀರಿಯಾ ಬೆಳೆದ ಚುಕ್ಕಿಗಳು) ಎಣಿಸಲೇಬೇಕು. ಬೇಸರದ ಕೆಲಸ ನಿಜ, ಆದರೆ ಅದಿಲ್ಲದ ಫಲಿತಾಂಶವನ್ನು ನಾನು ನಂಬೋದಿಲ್ಲ.

ಈ ಕಣಗಳ ನಿಜವಾದ ಜಾಗ ಕ್ಯಾತಿಟರ್ ಮೇಲಿನ ಲೇಪನ ಅಂತ ನನಗೆ ಅನ್ನಿಸುತ್ತದೆ. ಕಟ್ಟಿದ ಮೇಲೆ ಒಡೆಯೋದಕ್ಕಿಂತ ಮೊದಲ ಬ್ಯಾಕ್ಟೀರಿಯಾ ಅಂಟದ ಹಾಗೆ ನೋಡಿಕೊಳ್ಳಬೇಕು. ಅಲ್ಲೂ ಎರಡು ತೊಡಕಿದೆ. ಜಿಂಕ್ ಜಾಸ್ತಿಯಾದರೆ ನಮ್ಮ ಜೀವಕೋಶಗಳೂ ಸಾಯುತ್ತವೆ. ಇನ್ನೊಂದು ತೊಡಕು ಪ್ರೋಟಿಯಸ್ ಮಿರಾಬಿಲಿಸ್ ಅನ್ನೋ ಬ್ಯಾಕ್ಟೀರಿಯಾ. ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯಾ ಮಾಡಿ ಮೂತ್ರವನ್ನು ಕ್ಷಾರೀಯವಾಗಿಸುತ್ತದೆ. ಹರಳು ಕಟ್ಟಿ ಕ್ಯಾತಿಟರ್ ಮುಚ್ಚಿಕೊಳ್ಳುತ್ತದೆ. ಅಷ್ಟು ಕ್ಷಾರೀಯವಾದಾಗ, ಅಂದರೆ ಪಿಎಚ್ 9ರ ಆಸುಪಾಸಿನಲ್ಲಿ, ಜಿಂಕ್ ಆಕ್ಸೈಡ್ ಕರಗೋದೂ ತೀರಾ ಕಡಿಮೆ. ಅಂದರೆ ಅಯಾನು ಹೆಚ್ಚು ಬೇಕಾದ ಹೊತ್ತಿಗೇ ಅದು ಸಿಗೋದಿಲ್ಲ. ಅದಕ್ಕೇ ಲೇಪ ಹಚ್ಚಿದ ಸಿಲಿಕೋನ್ ತುಂಡುಗಳನ್ನು ಈಗ ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಬ್ರಾತ್ (ಪೋಷಕ ದ್ರವ) ಬಿಟ್ಟು, ಪ್ರೋಟಿಯಸ್ ಬೆರೆಸಿದ ಕೃತಕ ಮೂತ್ರದಲ್ಲೇ ಪರೀಕ್ಷಿಸುತ್ತಿದ್ದೇವೆ.