ರಿಮಾ ದಾಸ್ ಸಿನಿಮಾ, ಮತ್ತ ನಮ್ಮ ಕಡೆ ಹುಡುಗ್ಯಾರ ಕೈಯಾಗಿನ ಕ್ಯಾಮೆರಾ

ಅಸ್ಸಾಮಿನ ನಿರ್ದೇಶಕಿ ರಿಮಾ ದಾಸ್ ಅವರ ವಿಲೇಜ್ ರಾಕ್‌ಸ್ಟಾರ್ಸ್ ಸಿನಿಮಾ ಬಗ್ಗೆ ಯಾರ ಬರದ್ರೂ ಒಂದ ಮಾತು ಬರೀತಾರ, ಎಲ್ಲಾ ಒಬ್ಬಾಕಿನ ಮಾಡ್ಯಾಳ ಅಂತ. ಕಥಿ ಬರದಿದ್ದೂ ಅಕಿನ, ಕ್ಯಾಮೆರಾ ಹಿಡದಿದ್ದೂ ಅಕಿನ, ಎಡಿಟ್ ಮಾಡಿದ್ದೂ ಅಕಿನ, ಪ್ರೊಡ್ಯೂಸರೂ ಅಕಿನ. ಇದು ಸುಳ್ಳೇನಲ್ಲ. ಆದ್ರ ನಂಗ ಅನಸೋದು ಬ್ಯಾರೆ, ಒಬ್ಬಾಕಿನ ಅನ್ನೋದನ್ನ ಅಷ್ಟು ದೊಡ್ಡದು ಮಾಡಿ ಹೇಳಿದಾಗ ಅವರ ಬೆನ್ನ ಹಿಂದ ನಿಂತಿದ್ದ ಊರು ಯಾರಿಗೂ ಕಾಣಂಗಿಲ್ಲ. ರಿಮಾ ದಾಸ್ ಅವರ ಇಷ್ಟು ವರ್ಷದ ಕೆಲಸ ನಿಂತಿರೋದ ಆ ಊರಿನ ಮ್ಯಾಲ.

ನಾನು ವಿಜಯಪುರದಾಗ ಒಂದು ಸ್ಟುಡಿಯೋದೊಳಗ ಮದುವಿ ವಿಡಿಯೋ ಶೂಟ್ ಮಾಡ್ತೀನಿ, ಎಡಿಟಿಂಗೂ ಮಾಡ್ತೀನಿ. ಅದಕ್ಕ ಅವರ ಸಿನಿಮಾ ನೋಡೋವಾಗ ಕಥಿ ಒಂದ ಕಡೆ, ಇದನ್ನ ಹೆಂಗ ತಗದಿರಬೇಕು ಅನ್ನೋದು ಒಂದ ಕಡೆ ನಡದಿರ್ತದ ತಲಿಯೊಳಗ.

ಅವರ ಹುಟ್ಟೂರು ಅಸ್ಸಾಮಿನ ಛಾಯ್‌ಗಾಂವ್ ಹತ್ರದ ಕಲಾರ್ದಿಯಾ ಅನ್ನೋ ಹಳ್ಳಿ. ಪುಣೆ ಯೂನಿವರ್ಸಿಟಿಯೊಳಗ ಸೋಶಿಯಾಲಜಿ ಎಂ.ಎ. ಮಾಡಿ, ನಟಿ ಆಗಬೇಕಂತ ಮುಂಬೈಗೆ ಹೋದವರು. ಫಿಲಂ ಸ್ಕೂಲಿಗೆ ಹೋದವರಲ್ಲ, ಯಾರ ಕೈಕೆಳಗೂ ಅಸಿಸ್ಟಂಟ್ ಆಗಿ ದುಡದವರಲ್ಲ, ಸಿನಿಮಾ ನೋಡಿ ನೋಡಿ ತಾವ ಕಲತವರು. 2009ರಾಗ ಪ್ರಥಾ ಅಂತ ಒಂದು ಕಿರುಚಿತ್ರ ಮಾಡಿದ್ರು, ಮೊದಲನೇ ಪೂರ್ತಿ ಸಿನಿಮಾ ಬಂದಿದ್ದು 2016ಕ್ಕ. ನಡುವಿನ ಆ ಏಳು ವರ್ಷದ ಬಗ್ಗೆ ಯಾರೂ ಹೆಚ್ಚು ಮಾತಾಡಂಗಿಲ್ಲ, ಆದ್ರ ಸಿನಿಮಾ ಮಾಡ್ಬೇಕು ಅನ್ನೋ ಹೆಣ್ಣುಮಗಳಿಗೆ ಮನ್ಯಾಗ ಎಲ್ಲಾರೂ "ಸಾಕ ಬಿಡವಾ ಇನ್ನ" ಅನ್ನೋದು ಇಂಥಾ ವರ್ಷದೊಳಗನ. ಆಮ್ಯಾಲ ನೋಡ್ರಿ, 2017ರಾಗ ವಿಲೇಜ್ ರಾಕ್‌ಸ್ಟಾರ್ಸ್ ಕೆನಡಾದ ಟೊರೊಂಟೊ ಫಿಲಂ ಫೆಸ್ಟಿವಲ್‌ಗೆ ಹೋತು, 2018ರಾಗ ಅದಕ್ಕ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಅಸ್ಸಾಮಿ ಸಿನಿಮಾಕ್ಕ ಆ ಪ್ರಶಸ್ತಿ ಸಿಕ್ಕು ಮೂರು ದಶಕ ಆಗಿತ್ತು, ಅದ ವರ್ಷ ಭಾರತದಿಂದ ಆಸ್ಕರ್‌ಗೂ ಇದನ್ನ ಕಳಿಸಿದ್ರು. ಪ್ರಶಸ್ತಿ ಬಂದ ವರ್ಷನ ಮುಂದಿನ ಸಿನಿಮಾ ಬುಲ್‌ಬುಲ್ ಕ್ಯಾನ್ ಸಿಂಗ್ ತಯಾರಾಗಿ ಟೊರೊಂಟೊದಾಗ ತೋರಿಸಿದ್ರು. ಅಂದ್ರ ಪ್ರಶಸ್ತಿ ಬರ್ಲಿ, ಪ್ರೊಡ್ಯೂಸರ್ ಸಿಗ್ಲಿ, ಆಮ್ಯಾಲ ಮಾಡೋಣ ಅಂತ ಕುಂತವರಲ್ಲ ಅವರು. ಇದ ನಂಗ ಎಲ್ಲಾಕಿಂತ ದೊಡ್ಡದು ಅನಸ್ತದ.

ವಿಲೇಜ್ ರಾಕ್‌ಸ್ಟಾರ್ಸ್ ಶೂಟ್ ಮಾಡಿದ್ದು ಕ್ಯಾನನ್ ಫೈವ್ ಡಿ ಕ್ಯಾಮೆರಾದಾಗ. ನಮ್ಮ ಲೈನ್‌ನ್ಯಾಗ ಇದ್ದವರಿಗೆ ಗೊತ್ತು, ಒಂದು ಕಾಲಕ್ಕ ನಮ್ಮ ಕಡೆ ಮದುವಿಗೋಳಿಗೂ ಅದ ಕ್ಯಾಮೆರಾ ಬರ್ತಿತ್ತು. ಅದರಾಗ ಫೋಕಸ್ ಹಿಡಿಯೋದು ಭಾಳ ಕಷ್ಟ, ಹುಡುಗುರು ಓಡಾಡೋವಾಗಂತೂ ಕೇಳೋದ ಬ್ಯಾಡ, ಸ್ವಲ್ಪ ಹಿಂದ ಮುಂದ ಸರದ್ರ ಮಾರಿ ಸಾಫ್ಟ್ ಆಗ್ತದ. ಲೈಟ್ ಇಲ್ಲ, ಟ್ರಾಲಿ ಇಲ್ಲ, ಬರೇ ಸೂರ್ಯನ ಬೆಳಕು. ಹಂಗಾಗಿ ಅವರು ಬೆಳಕಿಗೆ ಕಾದಾರ, ಮಳಿಗೆ ಕಾದಾರ, ಪ್ರವಾಹಕ್ಕ ಕಾದಾರ. ಮೂರು-ನಾಲ್ಕು ವರ್ಷ ಹಿಡೀತು ಆ ಸಿನಿಮಾ. ಸಿನಿಮಾದಾಗ ಬರೋ ನೀರು ಖರೇನ ನೀರು, ಆ ಹುಡುಗುರು ಖರೇನ ಆ ಊರಿನ ಹುಡುಗುರು. ಸೌಂಡ್ ಮಾಡಿದ್ದು ಮಲ್ಲಿಕಾ ದಾಸ್ ಅಂತ, ಅವರ ಸಂಬಂಧಿಕರ ಹುಡುಗಿ, ಅಕಿಗೂ ಲೊಕೇಶನ್ ಸೌಂಡ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಕಥಿಯೊಳಗಿನ ಮುಖ್ಯ ಹುಡುಗಿ ಧುನು, ಆ ಪಾರ್ಟು ಮಾಡಿದ ಭನಿತಾ ದಾಸ್‌ಗೂ ಬಾಲನಟಿ ಪ್ರಶಸ್ತಿ ಬಂತು. ಈಗ ಹೇಳ್ರಿ, ಒಬ್ಬಾಕಿನ ಅನ್ನೋದು ಎಲ್ಲಿ ಉಳೀತು?

ಅದರಾಗ ಒಂದು ಸೀನ್ ನಂಗ ಮರೆಯಾಕ ಆಗಂಗಿಲ್ಲ. ಧುನು ಹುಡುಗುರ ಜೋಡಿ ಗಿಡ ಹತ್ತತಾಳ, ಥರ್ಮಾಕೋಲ್ ಕತ್ತರಿಸಿ ಮಾಡಿದ ಗಿಟಾರ್ ಹಿಡಕೊಂಡು ಕುಣೀತಾಳ, ಊರ ಹೆಂಗಸರು ಬೈತಾರ, ದೊಡ್ಡಾಕಿ ಆದ ಮ್ಯಾಲ ಇದೆಲ್ಲಾ ಹೆಂಗ ನಡೀತದ ಅಂತ. ಅವರವ್ವ ಮಗಳ ಪರ ನಿಂತು ಮಾತಾಡ್ತಾಳ. ಭಾಷಣ ಏನಿಲ್ಲ, ಹೊಲದಾಗ ದುಡಿಯೋ ಹೆಣ್ಣುಮಗಳು ಹೆಂಗ ಮಾತಾಡ್ತಾಳ ಹಂಗ. ಕ್ಯಾಮೆರಾ ದೂರ ನಿಂತಿಲ್ಲ, ಅವರ ನಡುವನ ಕುಂತಂಗ ಅದ. ಹೊರಗಿನವರು ದೊಡ್ಡ ಯೂನಿಟ್ ತಗೊಂಡು ಹೋಗಿದ್ರ ಆ ಹೆಂಗಸರು ಸೆರಗು ಸರಿ ಮಾಡ್ಕೊಂಡು ಸುಮ್ನ ನಿಲ್ತಿದ್ರು.

ಇದು ನಾನು ದಿನಾ ನೋಡೋದು. ಇಂಡಿ ಕಡೆ, ಸಿಂದಗಿ ಕಡೆ ಮದುವಿಗೆ ಹೋದಾಗ ಸ್ಟೇಜ್ ಮ್ಯಾಲಿನ ಶೂಟಿಂಗ್ ಯಾರ ಬೇಕಾದ್ರೂ ಮಾಡ್ತಾರ, ಅರಿಷಿಣ ಹಚ್ಚೋವಾಗ, ಮದುಮಗಳು ತಯಾರಾಗೋ ಖೋಲಿಯೊಳಗ, ಗಂಡಸರ ಕ್ಯಾಮೆರಾ ಬಾಗಲದಾಗ ನಿಲ್ತದ. ನಾ ಒಳಗ ಹೋದ್ರ ಮೊದಲ ಒಬ್ಬ ಆಯಿ ಕೇಳ್ತಾಳ, "ಯಾರ ಪೈಕಿ ವಾ ನೀ? ಊಟ ಆತಿಲ್ಲೋ?" ಉತ್ತರ ಹೇಳಿ, ಅಲ್ಲೇ ಒಂದು ಮೂಲ್ಯಾಗ ಕುಂತು, ಸ್ವಲ್ಪ ಹೊತ್ತು ಕ್ಯಾಮೆರಾ ತೊಡಿ ಮ್ಯಾಲ ಇಟ್ಕೊಂಡಿದ್ರ ಸಾಕು, ಆಮ್ಯಾಲ ಅವರು ನನ್ನ ಮರೀತಾರ. ಹಾಡು ಹೇಳ್ತಾರ, ಒಬ್ಬರಿಗೊಬ್ಬರು ಹೆಸರು ಹಚ್ಚಿ ಕಾಡ್ತಾರ, ಮಗಳ ತಲಿ ಹಿಕ್ಕೋವಾಗ ಅವ್ವ ಒಮ್ಮೆಲೆ ಬಾಯಿಗೆ ಸೆರಗು ಹಚ್ಚಿ ಅಳ್ತಾಳ. ಆ ಫುಟೇಜ್ ಟೈಮ್‌ಲೈನ್ ಮ್ಯಾಲ ಬಂದಾಗ ಪ್ರತಿ ಸಲ ಅನಸ್ತದ, ಇದರೊಳಗ ಎಷ್ಟು ಸಿನಿಮಾ ಅದಾವ ಅಂತ. ಗಿರಾಕಿ ಕೇಳೋದು ಮೂರು ನಿಮಿಷದ ಹೈಲೈಟ್ಸ್, ಉಳಿದಿದ್ದು ಹಾರ್ಡ್ ಡಿಸ್ಕ್‌ನ್ಯಾಗ ಹೋಗ್ತದ.

ಕನ್ನಡದಾಗೂ ದಾರಿ ಮಾಡಿದವರು ಅದಾರ. ಪ್ರೇಮಾ ಕಾರಂತರು ಎಂ.ಕೆ. ಇಂದಿರಾ ಅವರ ಕಾದಂಬರಿ ತಗೊಂಡು ಫಣಿಯಮ್ಮ ಮಾಡಿದ್ದು ಎಂಬತ್ತರ ದಶಕದ ಶುರುವಿನ್ಯಾಗ, ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಆದ್ರ ಅಂಥಾ ಸಿನಿಮಾ ಮಾಡಿದವರು ಆಮ್ಯಾಲ ಮಾಡಿದ ಸಿನಿಮಾ ಬೆರಳೆಣಿಕೆಯಷ್ಟು. ಕವಿತಾ ಲಂಕೇಶ್ ಅವರ ದೇವೀರಿ 1999ರಾಗ ಬಂತು, ಅನನ್ಯಾ ಕಾಸರವಳ್ಳಿ ಅವರ ಹರಿಕಥಾ ಪ್ರಸಂಗ 2016ರಾಗ, ಚಂಪಾ ಶೆಟ್ಟಿ ಅವರು ವೈದೇಹಿ ಅವರ ಕಥಿ ತಗೊಂಡು ಅಮ್ಮಚ್ಚಿಯೆಂಬ ನೆನಪು ಮಾಡಿದ್ರು, ರೂಪಾ ರಾವ್ ಅವರ ಗಂಟುಮೂಟೆ 2019ರಾಗ ಬಂತು. ಒಳ್ಳೊಳ್ಳೆ ಸಿನಿಮಾ ಎಲ್ಲಾ. ಒಂದ ಸಿನಿಮಾ ಮಾಡೋದು ಹೆಂಗೋ ಆಗ್ತದ, ಸಾಲ ಮಾಡಿ, ಗೆಳತ್ಯಾರ ಕಡಿಂದ ಇಸ್ಕೊಂಡು. ಎರಡನೇದು, ಮೂರನೇದು ಮಾಡೋದರಾಗ ಜೀವ ಹೈರಾಣ ಆಗ್ತದ. ರಿಮಾ ದಾಸ್ ಅವರು ಅದಕ್ಕ ಕಂಡಕೊಂಡ ದಾರಿ ಅಂದ್ರ ಸಿನಿಮಾ ತಮ್ಮ ಕೈಗೆ ಎಟಕುವಷ್ಟ ಸಣ್ಣದಾಗಿ ಇಟ್ಕೊಂಡಿದ್ದು, ಯಾರ ಆಫೀಸ್ ಮುಂದೂ ಕೈಕಟ್ಟಿ ನಿಲ್ಲೋ ಪರಿಸ್ಥಿತಿ ತಂದ್ಕೊಳ್ಳದಂಗ. ಅವರ ತೋರಾಸ್ ಹಸ್ಬೆಂಡ್ ಅನ್ನೋ ಸಿನಿಮಾದಾಗ ಹೀರೋ ಅವರ ಸ್ವಂತ ಅಣ್ಣತಮ್ಮಂದಿರೊಳಗ ಒಬ್ಬರು.

ಹೆಣ್ಣುಮಗಳು ಸಿನಿಮಾದಾಗ ತನ್ನ ದಾರಿ ಮಾಡ್ಕೊಳ್ಳೋದು ನಮ್ಮ ಜಿಲ್ಲಾದವರಿಗೆ ಪೂರಾ ಹೊಸಾದೂ ಅಲ್ಲ. ಆಗ ನಮ್ಮ ಜಿಲ್ಲಾದಾಗನ ಇದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಸಿನಿಮಾದಾಗ ನಟಿಸಿದ್ರು, 1943ರ ಕಿಸ್ಮತ್ ಸಿನಿಮಾಕ್ಕ ಹಾಡಿದ್ರು, 1948ರಾಗ ಶಹನಾಜ್ ಅನ್ನೋ ಸಿನಿಮಾಕ್ಕ ಸಂಗೀತ ಕೊಟ್ರು, ಅವರ ಹೆಸರಿನ ಅಮೀರ್ ಟಾಕೀಸ್ ನಮ್ಮ ಊರಾಗ ಬಂತು. ಆ ಕಾಲದ ಹೆಣ್ಣುಮಗಳು! ಈಗಿನ ಹುಡುಗ್ಯಾರಿಗೆ ಈ ಹೆಸರ ಗೊತ್ತಿಲ್ಲ ಅನ್ನೋದು ನಂಗ ಭಾಳ ತ್ರಾಸ ಆಗ್ತದ.

ಮಾತಿನ ವಿಷಯನೂ ಹೇಳಬೇಕು. ವಿಲೇಜ್ ರಾಕ್‌ಸ್ಟಾರ್ಸ್‌ನ್ಯಾಗ ಪಟ್ಟಣದ ಅಸ್ಸಾಮಿ ಇಲ್ಲ, ಆ ಊರಿನ ಕಾಮರೂಪಿ ಮಾತು ಅದ. ನಮ್ಮ ಮಾತು ಸಿನಿಮಾದಾಗ ಬರೋದು ಹೆಚ್ಚಾಗಿ ಕಾಮಿಡಿಗೆ, "ಏನಲೇ ಮಗನ" ಅನ್ನಿಸಿ ನಗಿಸಾಕ. 1997ರ ನಾಗಮಂಡಲದಂಥಾವು ಅಪರೂಪ. ನಮ್ಮ ಅವ್ವಂದಿರು ಅಳೋದು, ಪ್ರೀತಿ ಮಾಡೋದು, ಜಗಳಾ ತಗಿಯೋದು ಎಲ್ಲಾ ಇದ ಮಾತಿನ್ಯಾಗಲ್ಲೇನ್ರಿ? 2019ರ ಆಗಸ್ಟ್‌ನ್ಯಾಗ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಬೆಳಗಾವಿ-ಬಾಗಲಕೋಟಿ ಕಡೆ ಹಳ್ಳಿಗೋಳು ನೀರಾಗ ನಿಂತಾಗ ಟಿವಿಯವರು ಬಂದು ತಕ್ಕೊಂಡು ಹೋದ್ರು. ನೀರು ಇಳದ ಮ್ಯಾಲ ಮನಿ ಕೆಸರು ಬಳದವರು, ತೊಯ್ದ ಪುಸ್ತಕ ಮಾಳಗಿ ಮ್ಯಾಲ ಒಣಗಿಸಿದ ಸಾಲಿ ಹುಡುಗ್ಯಾರು, ಅವರ ಕಥಿ ಹೇಳಬೇಕಂದ್ರ ಅದ ಊರಾಗ ಇರೋ ಒಬ್ಬಾಕಿ ಬೇಕು, ಮುಂದಿನ ವರ್ಷನೂ ಅಲ್ಲೇ ಇರೋವಾಕಿ.

ರಿಮಾ ದಾಸ್ ಅವರೂ ಹಂಗ, ಮುಂಬೈಗೆ ಹೋದ್ರೂ ತಮ್ಮ ಊರಿನ ನಂಟು ಬಿಡಲಿಲ್ಲ. 2024ರಾಗ ವಿಲೇಜ್ ರಾಕ್‌ಸ್ಟಾರ್ಸ್ 2 ದಕ್ಷಿಣ ಕೊರಿಯಾದ ಬುಸಾನ್ ಫಿಲಂ ಫೆಸ್ಟಿವಲ್‌ನ್ಯಾಗ ಬಂತು, ಕಿಮ್ ಜಿಸೋಕ್ ಪ್ರಶಸ್ತಿ ತಗೊಂತು, ಅದರಾಗೂ ಧುನು ಅದ ಭನಿತಾನ, ಈಗ ದೊಡ್ಡಾಕಿ ಆಗ್ಯಾಳ. ಒಂದು ಹುಡುಗಿ ಬೆಳ್ಯೋದನ್ನ ಇಷ್ಟು ವರ್ಷ ಬೆನ್ನು ಹತ್ತಿ ಹಿಡಿಯಾಕ ಯಾವ ದೊಡ್ಡ ಬ್ಯಾನರ್ ರೊಕ್ಕ ಕೊಡ್ತದ?

ನಮ್ಮ ಸ್ಟುಡಿಯೋಕ್ಕ ಈಗ ಕೆಲಸಕ್ಕ ಬರೋ ಹುಡುಗಿ ಒಬ್ಬಾಕಿ ಅದಾಳ, ಬಬಲೇಶ್ವರ ಕಡ್ಯಾಕಿ, ಡೈರೆಕ್ಟರ್ ಆಗಬೇಕಂತ ಅಕಿಗೆ, "ಅಕ್ಕಾ, ಬೆಂಗಳೂರಿಗೆ ಹೋಗಾಕ ಮನ್ಯಾಗ ಬಿಡಂಗಿಲ್ಲ" ಅಂತ ಬ್ಯಾಸರ ಮಾಡ್ಕೊಂಡಿದ್ಲು. ವಿಲೇಜ್ ರಾಕ್‌ಸ್ಟಾರ್ಸ್ ಪೂರ್ತಿ ತೋರಿಸಿದೆ ಅಕಿಗೆ. ಅವರಜ್ಜಿ ಸಂತಿಗೆ ಸಂತಿ ತಿರುಗಿ ಬಳಿ ಮಾರತಾಳ, ಎದುರಿಗೆ ಕುಂತವರ ಕೈ ಹಿಡದು ಅಳತಿ ನೋಡ್ಕೋತ ಮನಿ ಕಥಿ ಎಲ್ಲಾ ಕೇಳ್ಕೋತಾಳಂತ, ಅದನ್ನ ತಗೀತೀನಿ ಅಂದಾಳ. ಆಷಾಢದಾಗ ಮುಹೂರ್ತ ಇರಂಗಿಲ್ಲ, ನಮ್ಮ ಎರಡನೇ ಕ್ಯಾಮೆರಾ ಕಪಾಟಿನ್ಯಾಗ ಸುಮ್ನ ಕುಂತಿರ್ತದ. ಮಾಲಕರಿಗೆ ಕೇಳೀನಿ, ಹೂಂ ಅಂದಾರ, ಬ್ಯಾಟರಿ ಎರಡು ಹೆಚ್ಚಿಗೆ ಕೊಡ್ತಾರ, ಸೌಂಡ್ ನಾ ಹಿಡೀತೀನಿ. ಅಜ್ಜಿ ಒಂದ ಷರತ್ತು ಹಾಕ್ಯಾಳ, ಗಿರಾಕಿ ಬಂದಾಗ ಅಡ್ಡ ನಿಲ್ಲಬಾರದಂತ.