ಒಂದೇ ಚುನಾವಣೆ ಬಂದರೆ ಪುಣೆ, ಮುಂಬೈ ಪಾಲಿಕೆಗಳ ಗತಿ ಏನು?

‘ಒಂದು ದೇಶ, ಒಂದು ಚುನಾವಣೆ’ಯ ಮಾತು ಬಂದರೆ ಮಹಾರಾಷ್ಟ್ರದ ಕನ್ನಡ ಸಂಘಗಳಲ್ಲಿ ಚರ್ಚೆ ಲೋಕಸಭೆ, ವಿಧಾನಸಭೆಗಳ ಆಚೆ ಹೋಗುವುದೇ ಇಲ್ಲ. ನಲ್ಲಿ ನೀರು, ಕಸದ ಗಾಡಿ, ಆಸ್ತಿ ತೆರಿಗೆ ಎಲ್ಲ ನೋಡಿಕೊಳ್ಳುವುದು ಪಾಲಿಕೆ. ಅದರ ಪಾಡೇನು ಎಂದು ಕೇಳುವವರು ಕಡಿಮೆ. ಮುಂಬೈ, ಪುಣೆ, ಪಿಂಪ್ರಿ-ಚಿಂಚ್‌ವಾಡದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಮೊದಲು ಬೇಕಾದದ್ದು ಆ ಪ್ರಶ್ನೆಯೇ.

2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋದ 129ನೇ ಸಂವಿಧಾನ ತಿದ್ದುಪಡಿ ಮಸೂದೆಯಲ್ಲಿ ಪಾಲಿಕೆ, ಪಂಚಾಯತಿಗಳ ಸೊಲ್ಲೇ ಇಲ್ಲ. ಲೋಕಸಭೆ, ವಿಧಾನಸಭೆಗಳ ಚುನಾವಣೆ ಒಟ್ಟಿಗೆ ನಡೆಸಲು 82ಎ ಎಂಬ ಹೊಸ ವಿಧಿ ಸೇರಿಸುವುದು, 83, 172, 327ನೇ ವಿಧಿಗಳನ್ನು ತಿದ್ದುವುದು, ಇಷ್ಟೇ ಅದರ ವ್ಯಾಪ್ತಿ. ಆದರೆ ಇದಕ್ಕೆ ಮೂಲವಾದದ್ದು ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಸಮಿತಿ 2024ರ ಮಾರ್ಚ್ 14ರಂದು ಕೊಟ್ಟ ವರದಿ, ಅದರಲ್ಲಿ ಎರಡನೇ ಹಂತವೂ ಇದೆ. ಲೋಕಸಭೆ, ವಿಧಾನಸಭೆ ಚುನಾವಣೆ ಮುಗಿದ ನೂರು ದಿನಗಳೊಳಗೆ ಸ್ಥಳೀಯ ಸಂಸ್ಥೆಗಳ ಚುನಾವಣೆ ಮಾಡಬೇಕು, ಅದಕ್ಕೆ 324ಎ ಎಂಬ ವಿಧಿ ಬೇಕು, ಎಲ್ಲ ಚುನಾವಣೆಗೂ ಒಂದೇ ಮತದಾರರ ಪಟ್ಟಿ ಇರಲು 325ನೇ ವಿಧಿ ತಿದ್ದಬೇಕು ಎನ್ನುತ್ತದೆ ವರದಿ. ಇದಕ್ಕೆ ಬೇರೆ ಮಸೂದೆ ಬೇಕು, ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಪಾಲಿಕೆಗಳನ್ನು ಮುಟ್ಟುವುದು ಈ ಎರಡನೇ ಹಂತ.

ಲೆಕ್ಕ ಹಾಕಿ ನೋಡೋಣ. ಮಹಾರಾಷ್ಟ್ರದ 29 ಮಹಾನಗರಪಾಲಿಕೆಗಳಿಗೆ ಮತದಾನವಾದದ್ದು 2026ರ ಜನವರಿ 15ರಂದು. ಸಂವಿಧಾನದ 243ಯು ವಿಧಿಯ ಪ್ರಕಾರ ಮೊದಲ ಸಭೆಯಿಂದ ಐದು ವರ್ಷ, ಅಂದರೆ 2031ರ ಆರಂಭದವರೆಗೆ ಅವುಗಳ ಅವಧಿ. ಈಗಿನ ಮಸೂದೆ ವಿಧಾನಸಭೆಗಳಿಗೆ ಹಿಡಿದಿರುವ ದಾರಿ ಹೀಗಿದೆ: ಲೋಕಸಭೆಯ ಮೊದಲ ಸಭೆಯ ದಿನ ರಾಷ್ಟ್ರಪತಿ ಒಂದು ತಾರೀಖು ಘೋಷಿಸುತ್ತಾರೆ, ಅದರ ನಂತರ ಆಯ್ಕೆಯಾದ ವಿಧಾನಸಭೆ ಆ ಲೋಕಸಭೆಯ ಅವಧಿಯ ಜೊತೆಗೇ ಮುಗಿಯುತ್ತದೆ. ಆ ತಾರೀಖು 2029ರಲ್ಲಿ ಬಿದ್ದು, ಪಾಲಿಕೆಗಳಿಗೂ ಇದೇ ಸೂತ್ರ ಹಿಡಿದರೆ, 2031ರಲ್ಲಿ ಗೆದ್ದವರಿಗೆ 2034ರವರೆಗೆ ಮೂರು ವರ್ಷ ಚಿಲ್ಲರೆಯಷ್ಟೇ ಸಿಗುತ್ತದೆ. ಇಲ್ಲಿ ಮಹಾಪೌರರ (ಮೇಯರ್) ಅವಧಿ ಎರಡೂವರೆ ವರ್ಷ. ಹಾಗಾಗಿ ಎರಡನೆಯ ಮಹಾಪೌರರು ಬಂದು ಒಂದು ಬಜೆಟ್ ನೋಡುವಷ್ಟರಲ್ಲಿ ಮನೆಗೆ ಹೊರಡಬೇಕು.

ತಾರೀಖು ಮೊದಲೇ ಗೊತ್ತಿರುವುದು ಕೆಟ್ಟದ್ದಲ್ಲ. ನನ್ನ ಚಿಂತೆ ಬೇರೆ. ತಾರೀಖು ಈಗಲೂ ಸಂವಿಧಾನದಲ್ಲೇ ಇದೆ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು 243ಯು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೂ ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್ 7ಕ್ಕೆ, ಪುಣೆಯದು ಮಾರ್ಚ್ 14ಕ್ಕೆ ಮುಗಿದ ಮೇಲೆ ಹತ್ತಿರ ಹತ್ತಿರ ನಾಲ್ಕು ವರ್ಷ ಒಬ್ಬ ನಗರಸೇವಕರೂ (ಚುನಾಯಿತ ಪಾಲಿಕೆ ಸದಸ್ಯರೂ) ಇರಲಿಲ್ಲ. ಚುನಾವಣೆ ತಪ್ಪಿದರೆ ಮುಂದೇನು ಎಂಬುದಕ್ಕೆ ಆ ವಿಧಿಯಲ್ಲಿ ಉತ್ತರವಿಲ್ಲ. ಆಯುಕ್ತರೇ ಆಡಳಿತಾಧಿಕಾರಿಯಾಗುತ್ತಾರೆ. ಸಾಮಾನ್ಯ ಸಭೆಯ ಅಧಿಕಾರ, ಸ್ಥಾಯಿ ಸಮಿತಿಯ ಅಧಿಕಾರ ಎರಡೂ ಅವರ ಮೇಜಿಗೇ ಬರುತ್ತವೆ. ಆಯುಕ್ತರಾಗಿ ಬಜೆಟ್ ಮಂಡಿಸಿದವರೇ ಆಡಳಿತಾಧಿಕಾರಿಯಾಗಿ ಅದಕ್ಕೆ ಮಂಜೂರಿ ಕೊಡುತ್ತಾರೆ. ಟೆಂಡರ್ ಕರೆದವರೇ ಟೆಂಡರ್ ಒಪ್ಪುತ್ತಾರೆ. ‘ಈ ರಸ್ತೆ ಹೋದ ವರ್ಷ ತಾನೇ ಅಗೆದಿರಲ್ಲ’ ಎಂದು ಸಭೆಯಲ್ಲಿ ಎದ್ದು ಕೇಳುವವರು ಯಾರೂ ಇರುವುದಿಲ್ಲ.

ಇಷ್ಟು ವಿಳಂಬಕ್ಕೆ ಕಾರಣವಾಗಿ ಎಲ್ಲರೂ ಹೇಳುವುದು ಒಬಿಸಿ ಮೀಸಲಾತಿಯ ಮೊಕದ್ದಮೆ. ಅದು ನಿಜ. ಆದರೆ ಜೊತೆಗೆ ಪ್ರಭಾಗಗಳ (ವಾರ್ಡ್‌ಗಳ) ಗೆರೆ ಎಳೆಯುವ ಅಧಿಕಾರವೂ ಕೈ ಬದಲಾಯಿಸುತ್ತ ಇತ್ತು. ಮುಂಬೈಯ 227 ಸ್ಥಾನಗಳನ್ನು 2021ರ ಕೊನೆಗೆ ಆಗಿನ ಸರ್ಕಾರ 236 ಮಾಡಿತು. 2022ರ ಮಾರ್ಚ್‌ನಲ್ಲಿ ಗೆರೆ ಎಳೆಯುವ ಅಧಿಕಾರವನ್ನೇ ರಾಜ್ಯ ಚುನಾವಣಾ ಆಯೋಗದಿಂದ ಸರ್ಕಾರಕ್ಕೆ ತರುವ ಕಾನೂನು ಮಾಡಲಾಯಿತು. ಹಳೆಯ ಗೆರೆಗಳಲ್ಲೇ ಚುನಾವಣೆ ನಡೆಸಿ ಎಂದು ಆ ಮೇ 4ರಂದು ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ಬದಲಾಯಿತು, ಆಗಸ್ಟ್‌ನಲ್ಲಿ 236 ಮತ್ತೆ 227 ಆಯಿತು. ಪುಣೆಯ ಕತೆ ಇದಕ್ಕಿಂತ ಗೋಜಲು. 2012ರಲ್ಲಿ ಪ್ರಭಾಗಕ್ಕೆ ಇಬ್ಬರು, 2017ರಲ್ಲಿ ನಾಲ್ವರು, 2022ಕ್ಕೆ ಮೂವರೆಂದು 58 ಪ್ರಭಾಗ ಮತ್ತು 173 ಸ್ಥಾನಗಳ ನಕ್ಷೆ ತಯಾರಾಯಿತು, ಅದೂ ಕಸದಬುಟ್ಟಿ ಸೇರಿತು. ಕೊನೆಗೆ 2026ರಲ್ಲಿ 41 ಪ್ರಭಾಗ, 165 ಸ್ಥಾನ: ನಲವತ್ತರಲ್ಲಿ ತಲಾ ನಾಲ್ವರು, ಒಂದರಲ್ಲಿ ಐವರು. ಈ ಎಲ್ಲ ಬದಲಾವಣೆಗೂ ಆಧಾರ ಅದೇ 2011ರ ಜನಗಣತಿ. ಜನಗಣತಿ ಒಂದೇ ಇದ್ದರೂ ಸರ್ಕಾರಕ್ಕೊಂದು ನಕ್ಷೆ.

ಗೆರೆ ಹೇಗೆ ಎಳೆಯುತ್ತಾರೆ ಎಂಬುದು ಗೊತ್ತಿದ್ದರೆ ತಡ ಎಲ್ಲಿ ಆಗುತ್ತದೆ ಎಂಬುದೂ ತಿಳಿಯುತ್ತದೆ. ಜನಗಣತಿಯ ಸಣ್ಣ ಸಣ್ಣ ಎಣಿಕೆ ಗಟಗಳನ್ನು (ಬ್ಲಾಕ್‌ಗಳನ್ನು) ಒಡೆಯದೆ ಜೋಡಿಸಬೇಕು. ಸರಾಸರಿ ಜನಸಂಖ್ಯೆಗಿಂತ ಹತ್ತು ಶೇಕಡಾ ಹೆಚ್ಚು ಅಥವಾ ಕಡಿಮೆ ಇರಬಹುದು. ನದಿ, ನಾಲೆ, ರೈಲು ಹಳಿ, ದೊಡ್ಡ ರಸ್ತೆಗಳು ಗಡಿಯಾಗಬೇಕು. ಕರಡು ನಕ್ಷೆ ಪ್ರಕಟವಾಗುತ್ತದೆ, ಆಕ್ಷೇಪಣೆ-ಸಲಹೆಗಳನ್ನು (ಹರಕತಿ-ಸೂಚನೆ) ಕರೆಯುತ್ತಾರೆ, ವಿಚಾರಣೆ ಆಗುತ್ತದೆ, ಅಂತಿಮ ನಕ್ಷೆ ಬರುತ್ತದೆ. ಆಮೇಲೆ ಮೀಸಲಾತಿಯ ಚೀಟಿ ಎತ್ತುತ್ತಾರೆ, ಅರ್ಧ ಸ್ಥಾನ ಮಹಿಳೆಯರಿಗೆ. ಅದಾದ ಮೇಲೆ ಪ್ರಭಾಗವಾರು ಮತದಾರರ ಪಟ್ಟಿ. ಇದರಲ್ಲಿ ಯಾವುದೂ ತನ್ನ ಹಿಂದಿನ ಹಂತಕ್ಕಿಂತ ಮೊದಲು ಆಗುವಂತಿಲ್ಲ. ಸದಸ್ಯರ ಸಂಖ್ಯೆಯಲ್ಲಿ ಒಂದು ಅಂಕಿ ಬದಲಾದರೂ ಸಾಕು, ಮೊದಲ ಮೆಟ್ಟಿಲಿಗೆ ವಾಪಸ್. ಅವಧಿ ಮುಗಿಯುವ ಹೊತ್ತಿಗೆ ಸರ್ಕಾರ ಒಂದು ಸುಗ್ರೀವಾಜ್ಞೆ ತಂದರೂ ಚುನಾವಣೆ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ.

ಹೀಗಿರುವಾಗ ನೂರು ದಿನದ ನಿಯಮವೊಂದನ್ನೇ ಬರೆದರೆ ಏನಾದೀತು? ಲೋಕಸಭೆ ಚುನಾವಣೆ ಮುಗಿಯುವಾಗ ಪ್ರಭಾಗದ ನಕ್ಷೆ ಕೋರ್ಟಿನಲ್ಲಿದ್ದರೆ ನೂರು ದಿನ ಸುಮ್ಮನೆ ಕಳೆದುಹೋಗುತ್ತದೆ, ಮತ್ತೆ ಆಡಳಿತಾಧಿಕಾರಿ ಬಂದು ಕೂರುತ್ತಾರೆ. ಆದ್ದರಿಂದ ಎರಡನೇ ಮಸೂದೆ ಬಂದಾಗ ನಾವು ಕೇಳಬೇಕಾದದ್ದು ಇದು: ಅವಧಿ ಮುಗಿಯುವ ಇಂತಿಷ್ಟು ತಿಂಗಳ ಮೊದಲೇ ಗೆರೆಗಳು ಗಟ್ಟಿಯಾಗಬೇಕು. ಅದರ ನಂತರ ಸ್ಥಾನ, ಗಡಿ, ಸದಸ್ಯರ ಸಂಖ್ಯೆಯಲ್ಲಿ ಏನೇ ಬದಲಾಯಿಸಿದರೂ ಅದು ಮುಂದಿನ ಚುನಾವಣೆಗೆ. ಹೊಸ ನಕ್ಷೆ ಸಿದ್ಧವಿಲ್ಲದಿದ್ದರೆ ಹಳೆಯದರಲ್ಲೇ ಮತದಾನ. ಇದರಲ್ಲಿ ಕೊನೆಯದನ್ನು ಸುಪ್ರೀಂ ಕೋರ್ಟ್ 2022ರ ಮೇ 10ರಂದು ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಹೇಳಿಯೂ ಆಗಿದೆ. ತೀರ್ಪಿದ್ದರೂ ಇಲ್ಲಿ ಅಷ್ಟು ತಡವಾಯಿತು ಎಂದ ಮೇಲೆ ಅದು ಕಾನೂನಿನ ಅಕ್ಷರಗಳಲ್ಲೇ ಬರಬೇಕು.

ಚುನಾವಣೆ ಸಮಯಕ್ಕೆ ಆದರೂ ಪಾಲಿಕೆ ರಾಜ್ಯದ ಕಡೆ ನೋಡುವುದು ತಪ್ಪುವುದಿಲ್ಲ, ಆ ದುಡ್ಡಿನ ವಿಷಯ ಚಿಕ್ಕದಾಗಿ. 2017ರ ಜಿಎಸ್‌ಟಿಯಿಂದ ಮುಂಬೈಯ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ಹೋಯಿತು, ಬದಲಿಗೆ ರಾಜ್ಯ ಸರ್ಕಾರದಿಂದ ತಿಂಗಳಿಗೊಮ್ಮೆ ಪರಿಹಾರ ಬರುತ್ತದೆ. ಇನ್ನು ಪುಣೆಯಲ್ಲಿ ಸ್ವಂತ ವಾಸದ ಮನೆಗೆ 1970ರಿಂದ ಇದ್ದ 40 ಶೇಕಡಾ ತೆರಿಗೆ ರಿಯಾಯಿತಿಯನ್ನು 2019ರಲ್ಲಿ ರಾಜ್ಯ ಸರ್ಕಾರ ರದ್ದು ಮಾಡಿತು, 2023ರಲ್ಲಿ ವಾಪಸ್ ಕೊಟ್ಟಿತು, ಆಗ ಜನ ರಿಯಾಯಿತಿಗೆ ಬೇಕಾದ ಪಿಟಿ-3 ಅರ್ಜಿ ಹಿಡಿದು ಓಡಾಡಿದರು. ಪಾಲಿಕೆಯ ಠರಾವನ್ನು ತಳ್ಳಿಹಾಕುವ ಅಧಿಕಾರ 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಯ 451ನೇ ಕಲಮಿನಲ್ಲೇ ರಾಜ್ಯಕ್ಕಿದೆ. ಅದನ್ನು ಮುಟ್ಟುವ ಮಾತು ಯಾವ ವರದಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊನೆಗೆ ಮತದಾರರ ಪಟ್ಟಿ. ಒಂದೇ ಪಟ್ಟಿ ಎಂಬುದು ಮಹಾರಾಷ್ಟ್ರಕ್ಕೆ ಅಷ್ಟೇನೂ ಹೊಸದಲ್ಲ. ರಾಜ್ಯ ಆಯೋಗ ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ಪ್ರಭಾಗವಾರು ಹಂಚುತ್ತದೆ. ಈ ಸಲ 2025ರ ಜುಲೈ 1ರ ಪಟ್ಟಿ ಹಿಡಿದರು. ತಪ್ಪಾಗುವುದು ಈ ಹಂಚಿಕೆಯಲ್ಲಿ. ವಿಧಾನಸಭೆಯ ಪಟ್ಟಿ ಮತಗಟ್ಟೆಯ ಲೆಕ್ಕದಲ್ಲಿರುತ್ತದೆ, ಪ್ರಭಾಗದ ಗೆರೆ ರಸ್ತೆ-ನಾಲೆಯ ಲೆಕ್ಕದಲ್ಲಿ. ಹೀಗಾಗಿ ಒಂದೇ ಸೊಸೈಟಿಯ ಎ ವಿಂಗ್ ಒಂದು ಪ್ರಭಾಗಕ್ಕೆ, ಬಿ ವಿಂಗ್ ಪಕ್ಕದ್ದಕ್ಕೆ ಹೋಗಿಬಿಡುತ್ತದೆ. ಹೀಗೆ ಪ್ರಭಾಗ ತಪ್ಪಿದ್ದರೆ, ಬರವಣಿಗೆಯ ದೋಷವಿದ್ದರೆ, ಅಥವಾ ವಿಧಾನಸಭೆಯ ಪಟ್ಟಿಯಲ್ಲಿದ್ದ ಹೆಸರು ಇಲ್ಲಿ ಬಿಟ್ಟುಹೋಗಿದ್ದರೆ ಮಾತ್ರ ರಾಜ್ಯ ಆಯೋಗ ಸರಿಪಡಿಸುತ್ತದೆ. ಹೊಸ ಹೆಸರು ಸೇರಿಸುವ ಅಧಿಕಾರ ಅದಕ್ಕಿಲ್ಲ. ಆಗಸ್ಟ್‌ನಲ್ಲಿ ವಿಳಾಸ ಬದಲಿಸಿದವರು ಹಳೆಯ ವಿಳಾಸದ ಪ್ರಭಾಗದಲ್ಲೇ ಮತ ಹಾಕಬೇಕಾಗಿತ್ತು.

ನಮ್ಮವರಿಗೆ ಇನ್ನೊಂದು ತೊಡಕು. ಕರ್ನಾಟಕದ ಕಾಗದಪತ್ರಗಳಲ್ಲಿ ಹಲವರ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಇನಿಷಿಯಲ್ ಇರುತ್ತದೆ, ಅಡ್ಡಹೆಸರು ಇರುವುದಿಲ್ಲ. ಇಲ್ಲಿನ ಪಟ್ಟಿಯಲ್ಲಿ ಆ ಊರೇ ಅಡ್ಡಹೆಸರಾಗಿ, ಇಲ್ಲವೇ ತಂದೆಯ ಹೆಸರೇ ಅಡ್ಡಹೆಸರಾಗಿ ಕೂತಿರುತ್ತದೆ. ಮರಾಠಿಯಲ್ಲಿ ಹೆಸರು ಹುಡುಕಿದರೆ ಸಿಗುವುದಿಲ್ಲ, ಹೆಸರೇ ಇಲ್ಲ ಎಂದುಕೊಂಡು ಹೊಸ ಹೆಸರು ಸೇರಿಸುವ ಫಾರ್ಮ್ 6 ತುಂಬುತ್ತಾರೆ, ಆಗ ಒಬ್ಬರದ್ದೇ ಎರಡು ನಮೂದು ಆಗುತ್ತದೆ. ಈ ಬಾರಿ ಅಂಥ ಅನುಮಾನದ ಹೆಸರುಗಳ ಮುಂದೆ ಎರಡು ನಕ್ಷತ್ರ ಹಾಕಿ, ಮತಗಟ್ಟೆಯಲ್ಲಿ ಹಮೀಪತ್ರ (ಮುಚ್ಚಳಿಕೆ) ಬರೆಸಿಕೊಂಡರು. ಗುರುತಿನ ಚೀಟಿಯ ಸಂಖ್ಯೆ ಹಾಕಿಯೇ ಹುಡುಕಿ. ಹೆಸರು ಸಿಕ್ಕಿ ತಪ್ಪಿದ್ದರೆ ಫಾರ್ಮ್ 8, ಮನೆ ಬದಲಾಗಿದ್ದರೂ ಫಾರ್ಮ್ 8. ಕರ್ನಾಟಕದಲ್ಲಿ ಹಳೆಯ ಹೆಸರು ಉಳಿದಿದ್ದರೆ ಅದನ್ನು ತೆಗೆಸಲು ಫಾರ್ಮ್ 7. ಇದಕ್ಕೆ ಚುನಾವಣೆ ಘೋಷಣೆಯಾಗುವವರೆಗೆ ಕಾಯಬಾರದು, ಏಕೆಂದರೆ ಯಾವ ದಿನದ ಪಟ್ಟಿ ಹಿಡಿಯುತ್ತಾರೆ ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ.