ಮೆಟ್ಟಿಲ ಕೆಳಗಿನ 11 ಕೇಬಲ್

ಶನಿವಾರ

ಮನೆ ಕಟ್ಟಿಸುವಾಗ ಎಲ್ಲ ರೂಮಿಗೂ ಇಂಟರ್ನೆಟ್ಟಿನ ಕ್ಯಾಟ್ 6 ಕೇಬಲ್ ಎಳೆಸಿದ್ದೆ. ಎಲ್ಲವೂ ಮೆಟ್ಟಿಲ ಕೆಳಗಿನ ಡಬ್ಬಿಗೆ ಬಂದು ಸೇರುತ್ತವೆ. ಒಟ್ಟು 11, ಎಲ್ಲದಕ್ಕೂ ಒಂದೇ ಬೂದು ಬಣ್ಣ. ನಂಬರ್ ಬರೆದಿದ್ದರಂತೆ, ಪೇಂಟ್ ಮಾಡುವವರು ಅದರ ಮೇಲೂ ಬ್ರಷ್ ಆಡಿಸಿದ್ದಾರೆ!

ಯಾವುದು ಯಾವ ರೂಮಿನದೆಂದು ಪತ್ತೆಹಚ್ಚಲು ಟೋನರ್ ಸೆಟ್ ತಂದೆ. ಒಂದು ಡಬ್ಬಿ ವೈರಿಗೆ ಸದ್ದು ಕಳಿಸುತ್ತದೆ, ಪೆನ್ನಿನಂಥ ಪ್ರೋಬ್ ಅದನ್ನು ಹೊರಗಿನಿಂದಲೇ ಕೇಳಿಸಿಕೊಳ್ಳುತ್ತದೆ. ಸಿಪ್ಪೆ ಸುಲಿಯಬೇಕಿಲ್ಲ.

ಕೇಬಲ್ಲಿನೊಳಗೆ ಎರಡೆರಡು ವೈರ್ ಹೊಸೆದ ಬಣ್ಣಬಣ್ಣದ ಜೋಡಿಗಳಿರುತ್ತವೆ. ಮೊದಲು ರೂಮಿನ ತುದಿಯಲ್ಲಿ ಟೋನರಿನ ಎರಡೂ ಕ್ಲಿಪ್ಪನ್ನು ನೀಲಿ ಜೋಡಿಗೇ ಹಾಕಿದೆ. ಕೆಳಗೆ ಬಂದರೆ ಸೊಳ್ಳೆ ಗುಂಯ್ಗುಟ್ಟಿದಷ್ಟೇ ಸದ್ದು. ಹೊಸೆದ ಜೋಡಿ ಅಲ್ವಾ, ಒಂದು ವೈರಿನ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಒಂದು ಕ್ಲಿಪ್ ನೀಲಿಗೆ, ಇನ್ನೊಂದು ಕಿತ್ತಳೆಗೆ ಹಾಕಿದೆ. ಈಗ ಜೋರು ಬಂತು. ಎಷ್ಟು ಜೋರು ಅಂದರೆ ಪಕ್ಕದ ಕೇಬಲ್‌ಗಳೂ ಹಾಡತೊಡಗಿದವು.

ಕಟ್ಟು ಬಿಚ್ಚಿ ಕೇಬಲ್‌ಗಳನ್ನು ಬೀಸಣಿಗೆಯಂತೆ ಹರಡಿದೆ, ಪ್ರೋಬಿನ ವಾಲ್ಯೂಮ್ ತಗ್ಗಿಸಿದೆ. ಆದರೂ ಮೂರು ಕೇಬಲ್ ಸಮಸಮ. ಜಾಸ್ತಿ ಕೂಗಿದ್ದೇ ಸರಿ ಅಂತ ಒಂದಕ್ಕೆ 'ಅಡುಗೆಮನೆ' ಚೀಟಿ ಅಂಟಿಸಿದೆ. ತಪ್ಪು. ಕೊನೆಗೆ ಮೂರರಲ್ಲೂ ನೀಲಿ, ಕಿತ್ತಳೆ ವೈರಿನ ತುದಿ ಸುಲಿದು ಒಂದಕ್ಕೊಂದು ಮುಟ್ಟಿಸಿ ನೋಡಿದೆ. ಸರಿಯಾದ ಕೇಬಲ್ಲಿನಲ್ಲಿ ಮುಟ್ಟಿಸಿದ ಕೂಡಲೇ ಸದ್ದು ಸತ್ತುಹೋಯಿತು. ಆಮೇಲೆ ಈ ಪರೀಕ್ಷೆ ಆಗದೆ ಒಂದು ಚೀಟಿಯನ್ನೂ ಅಂಟಿಸಲಿಲ್ಲ.

ಸಂಜೆಗೆ 8 ಮುಗಿಯಿತು. ಮೊಣಕಾಲು ಹೋಯಿತು.

ಭಾನುವಾರ

ಹಾಲ್‌ನ ಕೇಬಲ್ ಅರ್ಧ ಗಂಟೆ ತಿಂದಿತು. ಕೆಳಗಿನ ತುದಿ ಇಂಟರ್ನೆಟ್ ಹಂಚುವ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಿಯೇ ಇತ್ತು, ಆ ಪೋರ್ಟು ಸದ್ದನ್ನೆಲ್ಲ ನುಂಗುತ್ತಿತ್ತು. ಕಿತ್ತೆ, ಕೇಳಿಸಿತು. ಗೇಟಿನ ಕ್ಯಾಮೆರಾ ಕೇಬಲ್ಲಿಗೆ ಟೋನರ್ ಹಾಕಲೇ ಇಲ್ಲ. ಅದರಲ್ಲಿ ಪಿಒಇಯ, ಅಂದರೆ ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ಹೋಗುವ ಕರೆಂಟಿನ, ಸುಮಾರು 48 ವೋಲ್ಟ್ ಇರುತ್ತದೆ, ಟೋನರ್ ಸುಡಬಹುದು. ಅದು ಯಾವುದೆಂದು ಹೇಗೂ ಗೊತ್ತಿತ್ತು.

ಹನ್ನೊಂದನೆಯದು ಯಾವ ರೂಮಿನಲ್ಲೂ ಸಿಗಲಿಲ್ಲ. ಈ ಸಲ ಟೋನರನ್ನು ಕೆಳಗಿನ ತುದಿಗೇ ಹಾಕಿ, ಪ್ರೋಬ್ ಹಿಡಿದು ಗೋಡೆ ಸವರುತ್ತಾ ಹೊರಟೆ. ಕರೆಂಟ್ ವೈರಿನ ಗುಂಯ್ ಅಡ್ಡ ಬರುತ್ತಿತ್ತು, ಎಂಸಿಬಿ ಇಳಿಸಿದೆ. ಪೈಪು ಪಿವಿಸಿ ಆದ್ದರಿಂದ ಗಾರೆಯ ಮೇಲಿಂದಲೂ ಸದ್ದು ಸಿಕ್ಕಿತು. ಊಟದ ಮನೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಬಂದು ಟಕ್ಕನೆ ನಿಂತಿತು. ಬೆರಳಲ್ಲಿ ಬಡಿದೆ. ಟೊಳ್ಳು. ಬಾಕ್ಸಿನ ಮೇಲೆಯೇ ಗಾರೆ ಹೊಡೆದಿದ್ದಾರೆ.

ಗೋಡೆ ಕೆತ್ತಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ. ಪೆನ್ಸಿಲ್ ಗುರುತು ಹಾಕಿ, ಅದರ ಮುಂದೆ ಕುರ್ಚಿ ಎಳೆದಿಟ್ಟಿದ್ದೇನೆ.